ಕ್ರೋಶಾ ಹಿಡಿದ ಕೈಗೆ ಒಂದು ಅಕ್ಕಿಮುಡಿ

ಪುತ್ತೂರಿನ ಸೆಕೆಗೆ ಸ್ವೆಟರ್ ಯಾಕೆ? ನಮ್ಮ ಕಡೆ ಹೆಣಿಗೆಯ ಹುಚ್ಚು ಹತ್ತಿಸಿಕೊಂಡವರೆಲ್ಲ ಮೊದಲು ಕೇಳಿಸಿಕೊಳ್ಳುವ ಮಾತು ಇದು. ಕೇಳುವವರದ್ದು ತಪ್ಪಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಪುತ್ತೂರು, ಸುಳ್ಯ, ಕಡಬದ ಪಾದರಸ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಜೂನ್ ಬಂದರೆ ಮಳೆ; ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್. ಆಷಾಢದಲ್ಲಿ ಉಲ್ಲನ್ ಉಂಡೆಯನ್ನು ಹೊರಗೇ ಬಿಟ್ಟರೆ ಅದಕ್ಕೆ ಬೂಸರು ವಾಸನೆ ಹತ್ತಿಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಿಡಿ ಲಾವಂಚದ ಬೇರಿನ ಜೊತೆ ಇಟ್ಟರೆ ಮಾತ್ರ ನೂಲು ಮಳೆಗಾಲ ದಾಟೀತು.

ಹಾಗಿದ್ದೂ ಈ ಮೂರು ತಾಲ್ಲೂಕುಗಳಲ್ಲಿ ಹೆಣೆಯುವ ಕೈಗಳು ಬಹಳ. ಟೀಪಾಯಿಯ ಮೇಲಿನ ಬಿಳಿ ಲೇಸು, ಬಾಗಿಲ ತೋರಣ, ಬಾಣಂತಿಯ ಮನೆಗೆ ಒಯ್ಯುವ ಪುಟ್ಟ ಟೊಪ್ಪಿ, ಈಗೀಗ ಕಾಲೇಜು ಹುಡುಗಿಯರ ಬ್ಯಾಗಿಗೆ ನೇತುಬಿದ್ದ ಜೇನುಹುಳ, ಅಣಬೆ, ಆಮೆ. ಆ ಗೊಂಬೆಗಳ ರೀತಿ ಜಪಾನಿನಿಂದ ಬಂದದ್ದು. ಕಲಿಸುವ ಗುರು ಯೂಟ್ಯೂಬ್, ಹೆಣೆಯುವ ಬೆರಳು ಮಾತ್ರ ನಿಂತಿಕಲ್ಲಿನದ್ದೋ ಬೆಳ್ಳಾರೆಯದ್ದೋ.

ಸೆಕೆಯ ಪ್ರಶ್ನೆಗೆ ಉತ್ತರ ಹೆಣಿಗೆಯ ಚರಿತ್ರೆಯಲ್ಲೇ ಸಿಗುತ್ತದೆ. ಕಡ್ಡಿಗಳಿಂದ ಹೆಣೆದ ಬಟ್ಟೆಯ ಅತಿ ಹಳೆಯ ಮಾದರಿಗಳು ದೊರೆತಿರುವುದು ಈಜಿಪ್ಟಿನಲ್ಲಿ, ಉರಿಬಿಸಿಲಿನ ನಾಡಿನಲ್ಲಿ. 11ರಿಂದ 14ನೇ ಶತಮಾನದ ನಡುವಿನವು ಎನ್ನಲಾದ ಆ ಕಾಲುಚೀಲಗಳು ಹತ್ತಿಯವು. ಬಿಳಿ ನೂಲು, ನೀಲಿ ನೂಲು ಸೇರಿಸಿ ಚಿತ್ತಾರ ಬಿಡಿಸಿದಂಥವು. ಉಣ್ಣೆ, ಹಿಮ, ಸ್ವೆಟರ್‌ಗಳ ನಂಟು ಬೆಳೆದದ್ದು ಆಮೇಲೆ. ಆದ್ದರಿಂದ ಹತ್ತಿ ನೂಲು ಹಿಡಿದು ಕುಳಿತ ಪುತ್ತೂರಿನ ಹೆಂಗಸು ಹೆಣಿಗೆಯ ಮೂಲಕ್ಕೆ ಹತ್ತಿರವೇ ಇದ್ದಾಳೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದೂ ಇದನ್ನೇ: ನಮ್ಮ ಹವೆಗೆ ಹತ್ತಿಯೇ ಸರಿ. ಅಂಗೈ ಬೆವತರೂ ಕಡ್ಡಿಗೆ ಅಂಟುವುದಿಲ್ಲ, ಒಗೆದರೆ ಒಣಗುತ್ತದೆ, ತೊಟ್ಟ ಮಗುವಿಗೆ ಬೆವರುಸಾಲೆಯ ಭಯ ಕಡಿಮೆ.

ಕ್ರೋಶಾದ್ದು ಬೇರೆ ದಾರಿ. ಅದು ಯುರೋಪಿನಲ್ಲಿ ಮನೆಮಾತಾದದ್ದು 19ನೇ ಶತಮಾನದಲ್ಲಿ. 1845ರ ನಂತರ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿಗೆ ಬರಗಾಲ ಬಡಿದಾಗ ಅಲ್ಲಿನ ಎಷ್ಟೋ ಹೆಂಗಸರು ಕ್ರೋಶಾ ಲೇಸು ಮಾಡಿ ಮಾರಿ ಮನೆಯವರ ಹೊಟ್ಟೆ ತುಂಬಿಸಿದರು. ನಮ್ಮ ಕರಾವಳಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ, ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಕಾಲಿಟ್ಟದ್ದು 1870ರಲ್ಲಿ. ಹೆಣ್ಣುಮಕ್ಕಳ ಶಾಲೆಯೆಂದರೆ ಅಕ್ಷರ, ಲೆಕ್ಕದ ಜೊತೆ ಸೂಜಿ ಕೆಲಸವೂ ಪಾಠವಾಗಿದ್ದ ಕಾಲ ಅದು. ಇವತ್ತಿಗೂ ನಮ್ಮ ಕಡೆಯ ಹಿರಿಯರನ್ನು ಕ್ರೋಶಾ ಯಾರು ಕಲಿಸಿದ್ದು ಎಂದು ಕೇಳಿದರೆ ಶಾಲೆಯ ಹೊಲಿಗೆ ಟೀಚರರ ನೆನಪು ತೆಗೆಯುವವರೇ ಹೆಚ್ಚು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಸ್ವೆಟರ್ ಹೆಣೆಯಲು ಎರಡು ಕಡ್ಡಿ. ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ಸಾಲಾಗಿ ಕಾದಿರುತ್ತವೆ. ಸೀದಾ, ಉಲ್ಟಾ ಎಂಬ ಎರಡೇ ಹೆಣಿಗೆಗಳಿಂದ ಇಡೀ ಬಟ್ಟೆ ಹುಟ್ಟುತ್ತದೆ. ಅಂಗಡಿಯಲ್ಲಿ ಕಡ್ಡಿ ಕೊಳ್ಳುವಾಗ ಎಷ್ಟೋ ಕಡೆ ಈಗಲೂ ಹಳೆಯ ಬ್ರಿಟಿಷ್ ನಂಬರೇ ಲೆಕ್ಕ, ನಂಬರ್ ಏರಿದಷ್ಟೂ ಕಡ್ಡಿ ಸಪೂರ: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಕ್ರೋಶಾಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ ಸಾಕು. ಒಂದು ಕುಣಿಕೆ ಮುಗಿಸಿ ಇನ್ನೊಂದಕ್ಕೆ ಹೋಗುವುದು. ಸ್ವೆಟರ್ ಹೆಣಿಗೆಯನ್ನು ಯಂತ್ರ ಎಂದೋ ಕಲಿಯಿತು. ಇಂಗ್ಲೆಂಡಿನ ವಿಲಿಯಂ ಲೀ ಅಂಥ ಚೌಕಟ್ಟನ್ನು 1589ರಲ್ಲೇ ಕಟ್ಟಿದ್ದ. ನಿಜವಾದ ಕ್ರೋಶಾವನ್ನು ಮಾಡುವ ಯಂತ್ರ ಮಾರುಕಟ್ಟೆಯಲ್ಲಿ ಇವತ್ತಿಗೂ ಇಲ್ಲ. ಹಾಗಾಗಿ ಎಲ್ಲಾದರೂ ಕ್ರೋಶಾದ ಅಂಗಿ ಅಗ್ಗಕ್ಕೆ ಸಿಕ್ಕಿತೆಂದರೆ, ಎಲ್ಲೋ ಒಬ್ಬರ ಬೆರಳಿನ ಕೆಲಸಕ್ಕೆ ಸರಿಯಾದ ಕೂಲಿ ಸಿಕ್ಕಿಲ್ಲವೆಂದೇ ತಿಳಿಯಬೇಕು.

ಕ್ರೋಶಾದ ಗುಟ್ಟೆಲ್ಲ ಒಂದು ವೃತ್ತದಲ್ಲಿದೆ. ನಡುವಿನ ಕುಣಿಕೆಯೊಳಗೆ ಆರು ಹೆಣಿಗೆ ಹಾಕಿ. ಮುಂದಿನ ಸುತ್ತಿನಲ್ಲಿ ಒಂದೊಂದರಲ್ಲೂ ಎರಡೆರಡು, ಹನ್ನೆರಡಾಯಿತು. ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು. ಪ್ರತಿ ಸುತ್ತಿಗೆ ಆರು ಹೆಚ್ಚಿಸುತ್ತ ಹೋದರೆ ಬಿಲ್ಲೆ ಸಪಾಟಾಗಿ ಮಲಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದಿರೋ, ಅಂಚು ತಾನಾಗಿ ಮೇಲೆದ್ದು ಟೊಪ್ಪಿಯಾಗುತ್ತದೆ, ಬುಟ್ಟಿಯಾಗುತ್ತದೆ. ಆರಕ್ಕಿಂತ ಹೆಚ್ಚು ಸೇರಿಸುತ್ತ ಹೋದರೆ ಅಂಚು ಜಾಗ ಸಾಲದೆ ನಿರಿಗೆಗಟ್ಟಿ ಅಲೆಯಾಗುತ್ತದೆ. ಈ ನಿರಿಗೆಯನ್ನೇ ಹಿಡಿದು ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಅತಿಪರವಲಯ ಮೇಲ್ಮೈ ಎಂಬ ಕಠಿಣ ಕಲ್ಪನೆಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಅದಕ್ಕೂ ಮೊದಲು ಇದ್ದ ಕಾಗದದ ಮಾದರಿಗಳು ಮುಟ್ಟಿದರೆ ಹರಿಯುತ್ತಿದ್ದವು. ಕ್ರೋಶಾದ್ದು ಮಡಚಿದರೂ ಎಳೆದರೂ ತಾಳಿಕೊಂಡಿತು. ಲೆಕ್ಕ ಬರುವುದಿಲ್ಲ ಎನ್ನುತ್ತಲೇ ಈ ಲೆಕ್ಕವನ್ನು ಬೆರಳಲ್ಲಿ ಮಾಡಿ ಮುಗಿಸುವ ಹೆಂಗಸರನ್ನು ನಾನು ನೋಡುತ್ತಲೇ ಇದ್ದೇನೆ.

ಹೆಣೆಯಲು ಕೂರುವ ಹೊತ್ತು ನಮ್ಮಲ್ಲಿ ತೋಟ ನಿಗದಿ ಮಾಡಿದಂತೆ. ಅಡಿಕೆ ಕೊಯ್ಲು, ಒಣಹಾಕುವುದು, ಸುಲಿಯುವುದು ನಡೆಯುವಾಗ ಯಾರಿಗೂ ಪುರುಸೊತ್ತಿಲ್ಲ. ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯಗಳಿಲ್ಲ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಹಿಂದೆ ಇದೇ ತಿಂಗಳಲ್ಲಿ ಚೆನ್ನೆಮಣೆ ಅಟ್ಟದಿಂದ ಜಗಲಿಗೆ ಇಳಿಯುತ್ತಿತ್ತು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಬೆರಳ ತುದಿಯಲ್ಲಿ ಎಣಿಕೆ. ಈಗ ಆ ಜಗಲಿಯಲ್ಲಿ ನೂಲಿನ ಚೀಲಗಳು. ಅಲ್ಲಿ ಒಟ್ಟಿಗೆ ಹೆಣೆಯಲು ಕೂರುವ ನಮ್ಮ ಗುಂಪಿನಲ್ಲಿ ಮಾತು ಕನ್ನಡ, ತುಳು, ಅರೆಭಾಷೆ, ಹವ್ಯಕ, ಬ್ಯಾರಿ ಎಂದು ಸುತ್ತು ಹೊಡೆಯುತ್ತದೆ. ಎಣಿಕೆ ಮಾತ್ರ ಅವರವರ ಮನೆಭಾಷೆಯಲ್ಲಿ, ಪಿಸುಮಾತಿನಲ್ಲಿ.

ನೋಡಲು ಬಂದವರು ಕೇಳುವ ಎರಡನೆಯ ಪ್ರಶ್ನೆ, “ಇದಕ್ಕೆ ಎಷ್ಟು ಸಿಗ್ತದೆ ಮಾರಾಯ್ತಿ?” ಮಾರುವವರು ಮಾರಲಿ, ಸ್ತ್ರೀಶಕ್ತಿ ಗುಂಪಿನಲ್ಲಿ ಮಾರಿ ಮಕ್ಕಳ ಫೀಸು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಹೆಂಗಸರು ಕೂತು ಮಾಡುವ ಕೆಲಸಕ್ಕೆಲ್ಲ ಬೆಲೆಚೀಟಿ ಅಂಟಿಸಿಯೇ ಮರ್ಯಾದೆ ಕೊಡಬೇಕೆಂಬುದನ್ನು ನಾನು ಒಪ್ಪುವುದಿಲ್ಲ. ವಾಲಿಬಾಲ್ ಆಡಿ ಬಂದ ಹುಡುಗರನ್ನು ಎಷ್ಟು ಸಿಕ್ಕಿತು ಎಂದು ಯಾರೂ ಕೇಳುವುದಿಲ್ಲ. 2013ರಲ್ಲಿ ಬ್ರಿಟನ್ನಿನ ವೃತ್ತಿ ಚಿಕಿತ್ಸಾ ಪತ್ರಿಕೆಯೊಂದರಲ್ಲಿ ಹಲವು ದೇಶಗಳ 3,545 ಹೆಣಿಗೆಗಾರರ ಸಮೀಕ್ಷೆ ಬಂದಿತ್ತು. ಹೆಚ್ಚು ಸಲ ಹೆಣೆಯುವವರು ಮನಸ್ಸು ಶಾಂತವಾಗಿ, ಗೆಲುವಾಗಿ ಇರುತ್ತದೆಂದು ಹೇಳಿಕೊಂಡಿದ್ದರು. ಹೆಣೆಯುವವರನ್ನೇ ಕೇಳಿ ಪಡೆದ ಉತ್ತರವಾದ್ದರಿಂದ ಅದನ್ನು ಔಷಧದ ಪುರಾವೆಯೆಂದು ಹಿಡಿಯಲಾಗದು. ಆದರೂ ಜಡಿಮಳೆಯ ಮಧ್ಯಾಹ್ನ, ಕರೆಂಟು ಹೋದ ಮನೆಯಲ್ಲಿ ಕುಣಿಕೆಯ ಮೇಲೆ ಕುಣಿಕೆ ಬೀಳುವಾಗ ಉಸಿರು ನಿಧಾನವಾಗುವುದು ಹೆಣೆದವರಿಗೆಲ್ಲ ಗೊತ್ತು.

ಇನ್ನು ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳು. ನೂಲಿನ ಚೀಲದ ಜೊತೆ ಅವೂ ನಮ್ಮ ಜಗಲಿಗೆ ಬಂದಿವೆ, ಕ್ರೋಶಾದ ಪುಟ್ಟ ಸಂಚಿಯೊಳಗೆ. ಬೆಂಗಳೂರಿನಲ್ಲಿ ಓದುವ ಒಬ್ಬಳು ಹುಡುಗಿ ತಂದ ಕಟ್ಟು. ಇದನ್ನು ಕಂಡರೆ ಭಯಪಡುವವರೂ ಇದ್ದಾರೆ, ಅತಿಯಾಗಿ ನಂಬುವವರೂ ಇದ್ದಾರೆ. ಇಬ್ಬರೂ ಅದರ ಹುಟ್ಟನ್ನು ತಿಳಿಯಬೇಕು. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಅದು ಹುಟ್ಟಿದ್ದು ಇಸ್ಪೀಟಿನಂಥ ಆಟವಾಗಿ. ಒಟ್ಟು 78 ಎಲೆ: ದಂಡ, ಬಟ್ಟಲು, ಖಡ್ಗ, ನಾಣ್ಯ ಎಂಬ ನಾಲ್ಕು ಜಾತಿಯಲ್ಲಿ ಹದಿನಾಲ್ಕರಂತೆ 56, ಉಳಿದ 22 ಚಿತ್ರದ ಎಲೆ. ನಮ್ಮಲ್ಲಿ ಇಪ್ಪತ್ತೆಂಟು ಆಡುವವರಿಗೆ ತುರುಫು ಎಂದರೆ ವಿವರಿಸಬೇಕಿಲ್ಲ. ಬಹುತೇಕ ಆ ಚಿತ್ರದೆಲೆಗಳೇ ಕಾಯಂ ತುರುಫು. ಭವಿಷ್ಯದ ವೇಷ ಬಂದದ್ದು ಶತಮಾನಗಳ ನಂತರ. 1781ರಲ್ಲಿ ಫ್ರಾನ್ಸಿನ ಕೋರ್ ದ ಜೆಬೆಲಿನ್ ಎಂಬ ಪಂಡಿತ ಇವು ಪುರಾತನ ಈಜಿಪ್ಟಿನ ಜ್ಞಾನಗ್ರಂಥದ ಹಾಳೆಗಳೆಂದು ಸಾರಿದ. ಈಜಿಪ್ಟಿನ ಚಿತ್ರಲಿಪಿಯನ್ನು ಆಗ ಯಾರಿಗೂ ಓದಲು ಬರುತ್ತಿರಲಿಲ್ಲ, ಅದರ ಕೀಲಿ ಸಿಕ್ಕಿದ್ದು 1822ರಲ್ಲಿ. ಆಕ್ಸ್‌ಫರ್ಡಿನ ತತ್ವಶಾಸ್ತ್ರಜ್ಞ ಮೈಕೆಲ್ ಡಮೆಟ್ 1980ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ಇದರ ಮೂಲ ಆಟವೆಂದು ತೋರಿಸಿಕೊಟ್ಟರು. ಇವತ್ತು ಹೆಚ್ಚಿನವರ ಕೈಯಲ್ಲಿರುವ ಚಿತ್ರಗಳನ್ನು ಬರೆದವಳು ಪಮೆಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ, 1909ರಲ್ಲಿ. ಬಹಳ ಕಾಲ ಆ ಕಟ್ಟಿಗೆ ಅಂಟಿದ್ದ ಹೆಸರು ಪ್ರಕಾಶಕನದು ಮತ್ತು ಬರೆಸಿದಾತನದು. ಅವಳ ಹೆಸರು ಮುಂದೆ ಬಂದದ್ದು ತೀರ ತಡವಾಗಿ.

ಚಿತ್ರದೆಲೆಗಳ ಆಟ ಕನ್ನಡ ನಾಡಿಗೆ ಹೊಸತೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾದ ಹೊಸ ಹೊಸ ಆಟಗಳನ್ನು ತಾವೇ ಹೊಸೆದವರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು.

ನಮ್ಮದು ಜ್ಯೋತಿಷ್ಯದ ಪ್ರಶ್ನೆಯನ್ನು ಗಂಭೀರವಾಗಿ ಕಾಣುವ ಸೀಮೆ. ಅಷ್ಟಮಂಗಲ ಪ್ರಶ್ನೆಯೆಂದರೆ ಊರಿನ ಹತ್ತು ಸಮಸ್ತರು ಕೂತು ಕೇಳುವಂಥದ್ದು, ತಾಂಬೂಲ ಪ್ರಶ್ನೆಗೂ ಅದರದ್ದೇ ಕ್ರಮವಿದೆ, ದೇವಸ್ಥಾನದ ಜೀರ್ಣೋದ್ಧಾರಗಳು ಅವುಗಳ ಮೇಲೆ ನಿಶ್ಚಯವಾಗುತ್ತವೆ. ಅದರ ಪಕ್ಕದಲ್ಲಿ ಟ್ಯಾರೋವನ್ನು ತಂದಿಡುವುದು ಎರಡಕ್ಕೂ ಸಲ್ಲದು. ನಮ್ಮ ಜಗಲಿಯಲ್ಲಿ ಕೆಲವು ಕಟ್ಟುಪಾಡುಗಳಿವೆ: ದುಡ್ಡು ಇಲ್ಲ, ಕಾಯಿಲೆ, ಮದುವೆ, ಕೋರ್ಟು ವ್ಯಾಜ್ಯದ ಮಾತಿಲ್ಲ, ಎಲೆ ಎತ್ತುವುದು ಕೈಯಲ್ಲಿರುವ ಕೆಲಸದ ಬಗ್ಗೆ ಮಾತ್ರ. ಗೋಪುರ ಕುಸಿಯುವ ಚಿತ್ರ ಬಂದರೆ ನಿನ್ನೆ ಹೆಣೆದದ್ದನ್ನು ಬಿಚ್ಚಬೇಕು. ತಲೆಕೆಳಗಾಗಿ ತೂಗುವವನು ಬಂದರೆ ಅರ್ಧಕ್ಕೆ ನಿಂತ ಶಾಲು ಇನ್ನೊಂದು ವಾರ ಕಾಯಲಿ. ನಗು ಏಳುತ್ತದೆ, ನಗುವಿನ ಹಿಂದೆ ಮಾತು ಏಳುತ್ತದೆ.

ಎಲೆ ಏನು ಹೇಳಿದರೂ ನಮಗೇ ಹೇಳಿದಂತೆ ಯಾಕೆ ಅನ್ನಿಸುತ್ತದೆ? ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ. ತನ್ನ ವಿದ್ಯಾರ್ಥಿಗಳಿಗೆಲ್ಲ ‘ನಿನ್ನ ಸ್ವಭಾವ’ ಎಂದು ಒಂದೇ ಬರಹದ ಪ್ರತಿಯನ್ನು ಹಂಚಿದ. ಎಷ್ಟು ಸರಿ ಎಂದು ಐದರಲ್ಲಿ ಅಂಕ ಕೊಡಿ ಎಂದಾಗ ಸರಾಸರಿ 4.3ರ ಆಸುಪಾಸು ಬಂತು. ಅಸ್ಪಷ್ಟವಾದ ಮಾತನ್ನು, ಚಿತ್ರವನ್ನು ಮನಸ್ಸು ತನ್ನ ಅನುಭವದಿಂದ ತುಂಬಿಕೊಳ್ಳುತ್ತದೆ. ಭವಿಷ್ಯ ಹೇಳಲು ಹೊರಟವರ ಕೈಯಲ್ಲಿ ಇದು ಅಪಾಯ. ಆಟವೆಂದು ಗೊತ್ತಿರುವವರ ನಡುವೆ ಇದೇ ಲಾಭ, ಯಾಕೆಂದರೆ ಒಳಗೆ ಇದ್ದದ್ದು ಹೊರಗೆ ಬರುತ್ತದೆ.

ಹಾಗೆ ಒಮ್ಮೆ ಹೊರಗೆ ಬಂದದ್ದೇ ಈ ಬರಹಕ್ಕೆ ಕಾರಣ. ಗುಂಪಿನವರೆಲ್ಲ ದೊಡ್ಡಮ್ಮ ಎಂದು ಕರೆಯುವ ಸುಳ್ಯ ಕಡೆಯ ಹಿರಿಯರೊಬ್ಬರಿಗೆ ಎಂಟು ನಾಣ್ಯಗಳ ಎಲೆ ಬಂತು. ಬೆಂಚಿನ ಮೇಲೆ ಕೂತ ಕಸುಬಿನವ ತಲೆ ತಗ್ಗಿಸಿ ನಾಣ್ಯವೊಂದನ್ನು ಕೆತ್ತುತ್ತಿದ್ದಾನೆ, ಮುಗಿದವು ಪಕ್ಕದಲ್ಲಿ ಸಾಲಾಗಿವೆ. ಅವರು ಕನ್ನಡಕ ಸರಿಮಾಡಿಕೊಂಡು, “ಇವ ನಮ್ಮ ಅಪ್ಪನ ಹಾಗೇ ಇದ್ದಾನೆ. ಅಂಗಳದಲ್ಲಿ ಕೂತು ಮುಡಿ ಕಟ್ಟುವಾಗ ಅವರೂ ತಲೆ ಎತ್ತುತ್ತಿರಲಿಲ್ಲ” ಎಂದರು. ನಿಮಗೆ ಕಟ್ಟಲು ಬರ್ತದಾ ದೊಡ್ಡಮ್ಮ ಎಂದು ಕೇಳಿದ್ದಕ್ಕೆ, “ನೋಡಿ ಗೊತ್ತುಂಟು, ಕಟ್ಟಿ ಗೊತ್ತಿಲ್ಲ” ಎಂದರು.

ಅಕ್ಕಿಮುಡಿ ಹಳೆಯ ದಕ್ಷಿಣ ಕನ್ನಡದ ಅಳತೆಯೂ ಹೌದು, ಉಗ್ರಾಣವೂ ಹೌದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಒಟ್ಟು 42 ಸೇರು. ಉದ್ದ ಬೈಹುಲ್ಲನ್ನು ಬುಡದಲ್ಲಿ ಕಟ್ಟಿ ಸುತ್ತಲೂ ಬಿಡಿಸಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ, ಹುಲ್ಲಿನದೇ ಹಗ್ಗವನ್ನು ಒತ್ತೊತ್ತಾಗಿ ಸುತ್ತುತ್ತ, ಮರದ ತುಂಡಿನಿಂದ ತಟ್ಟುತ್ತ ಗುಂಡಗೆ ತರಬೇಕು. ಸಡಿಲವಾದರೆ ಹುಳ ಹೊಗುತ್ತದೆ. ಬಿಗಿಯಾದ ಮುಡಿಯನ್ನು ಹೊಗೆ ತಾಗುವ ಅಟ್ಟದಲ್ಲಿಟ್ಟರೆ ಅಕ್ಕಿ, ಬಿತ್ತನೆಯ ಬೀಜ ಮಳೆಗಾಲವನ್ನು ಸುಖವಾಗಿ ಕಳೆಯುತ್ತವೆ. ಗದ್ದೆಗಳು ಅಡಿಕೆ ತೋಟಗಳಾದವು, ಉಳಿದ ಗದ್ದೆಗೆ ಗಿಡ್ಡ ಹುಲ್ಲಿನ ತಳಿ ಬಂತು, ಕಟಾವಿನ ಯಂತ್ರ ಹುಲ್ಲನ್ನು ನುರಿಸಿತು. ಮುಡಿ ಈಗ ಹೆಚ್ಚಾಗಿ ದೇವರ ಕಾರ್ಯಕ್ಕೆ, ಪ್ರದರ್ಶನದ ವೇದಿಕೆಗೆ.

ಮುಡಿ ಒಂದೇ ಅಲ್ಲ. ತೆಂಗಿನ ನಾರಿನ ಎರಡು ಎಳೆಗಳನ್ನು ಒಂದೇ ದಿಕ್ಕಿಗೆ ಹೊಸೆದು, ಎರಡನ್ನೂ ಸೇರಿಸಿ ತಿರುಗು ದಿಕ್ಕಿಗೆ ತಿರುಚಿದರೆ ಹುರಿ ಬಿಚ್ಚಿಕೊಳ್ಳುವುದಿಲ್ಲ. ಅಂಗಡಿಯ ಹತ್ತಿ ನೂಲನ್ನು ಬಿಡಿಸಿ ನೋಡಿ, ಅದೇ ತತ್ವ. ಮುಂಡೇವಿನ ಓಲೆಯ ಮುಳ್ಳು ಸವರಿ, ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಸುರುಳಿ ಸುತ್ತಿ ಕಡ್ಡಿ ಚುಚ್ಚಿ ಅಷ್ಟಮಿಯ ಮೂಡೆ ಕಟ್ಟುವವರು ಇನ್ನೂ ಇದ್ದಾರೆ. ಅದೇ ಓಲೆಯ ಚಾಪೆ ನೇಯುವವರು ಕಡಿಮೆಯಾಗಿದ್ದಾರೆ. ಅಡಿಕೆ ಹಾಳೆಯ ಮುಟ್ಟಾಳೆ ಅಂಗಡಿಯಲ್ಲಿ ಸಿಗುತ್ತದೆ, ಮಡಚಿ ಹೊಲಿಯುವ ಕ್ರಮ ಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಇಂಥ ಕೈಕೆಲಸ ಜೀವಂತವಾಗಿ, ಎದ್ದು ಕಾಣುವಂತೆ ಉಳಿದಿರುವುದು ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ. ಚಂಪಾಷಷ್ಠಿಯ ಬ್ರಹ್ಮರಥವನ್ನು ಅಲ್ಲಿ ಎಳೆಯುವುದು ಹಗ್ಗದಿಂದಲ್ಲ, ಕಾಡಿನ ಬೆತ್ತದಿಂದ. ಬೆತ್ತ ತರುವುದು, ರಥ ಕಟ್ಟುವುದು ಮಲೆಕುಡಿಯರ ಹಕ್ಕು ಮತ್ತು ಹೊಣೆ. ಲಕ್ಷ ಜನ ಸೇರುವ ಜಾತ್ರೆಯ ತೇರು ಆ ಸಮುದಾಯದ ಕೈ ಅರಿವಿನ ಮೇಲೆ ನಿಂತಿದೆ.

ಕೈಯರಿವು ಇದ್ದವರಿಗೆ ಮಾನ ಸಿಕ್ಕಲಿಲ್ಲ ಎಂಬುದೂ ಇದೇ ಕಥೆಯ ಭಾಗ. ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆಯುವ ಕೊರಗ ಸಮುದಾಯದವರ ಕೆಲಸ ನೋಡಿ: ತಳ ಅಗಲವಾಗಬೇಕಾದಲ್ಲಿ ಎಳೆ ಸೇರಿಸುತ್ತಾರೆ, ಸೇರಿಸುವುದನ್ನು ನಿಲ್ಲಿಸಿ ಬಗ್ಗಿಸಿದಲ್ಲಿ ಗೋಡೆ ಏಳುತ್ತದೆ. ಕ್ರೋಶಾದ ವೃತ್ತದ ಲೆಕ್ಕವೇ. ಈ ವಿದ್ಯೆ ಬಲ್ಲವರನ್ನು ನಮ್ಮ ಊರುಗಳು ಅಂಗಳದಾಚೆ ನಿಲ್ಲಿಸಿದವು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಲೇಸು ಹೆಣೆದವಳನ್ನು ಕಲೆಗಾರ್ತಿ ಎಂದು ಹೊಗಳುವ ನಾವು ಬುಟ್ಟಿ ಹೆಣೆದವರ ಜೊತೆ ಬೆಲೆಗೆ ಚೌಕಾಸಿ ಮಾಡುತ್ತೇವೆ. ಇದನ್ನು ಯೋಚಿಸದೆ ನಾರಿನ ಕೆಲಸದ ಬಗ್ಗೆ ಒಳ್ಳೆಯ ಮಾತು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕ್ರೋಶಾಕ್ಕೂ ಮುಡಿಗೂ ಇರುವ ದೊಡ್ಡ ವ್ಯತ್ಯಾಸ ಬರವಣಿಗೆಯದು. ಕ್ರೋಶಾದ ಪ್ರತಿ ಹೆಣಿಗೆಗೂ ಒಂದು ಗುರುತಿದೆ. ಚೈನಿಗೆ ಸಣ್ಣ ಮೊಟ್ಟೆಯಾಕಾರ, ಎತ್ತರದ ಹೆಣಿಗೆಗೆ ಅಡ್ಡಗೆರೆಯ ಕಂಬ. ಭಾಷೆ ಬಾರದಿದ್ದರೂ ಜಪಾನಿನ ನಕ್ಷೆಯನ್ನು ನೋಡಿ ಪಂಜದಲ್ಲಿ ಕೂತವರು ಹೆಣೆಯಬಹುದು. ಮುಡಿಗೆ, ಮುಟ್ಟಾಳೆಗೆ, ಬಳ್ಳಿ ಬುಟ್ಟಿಗೆ ನಕ್ಷೆಯಿಲ್ಲ. ಅವು ನೋಡಿ ಕಲಿತ ಕೈಗಳಲ್ಲಿ ಮಾತ್ರ ಇವೆ, ಆ ಕೈಗಳಿಗೆ ವಯಸ್ಸಾಗಿದೆ. ಎಷ್ಟನೆಯ ಸುತ್ತಿಗೆ ಬಿಗಿಯಬೇಕು, ಹುಲ್ಲು ಎಷ್ಟು ಹಸಿಯಿರಬೇಕು, ಗಂಟು ಎಲ್ಲಿ ಮುಚ್ಚಬೇಕು ಎಂಬುದನ್ನು ಗಮನಿಸಿ, ಎಣಿಸಿ, ಗುರುತು ಹಾಕಿ ಬರೆದಿಡಲು ಬೇಕಾದ ಕಣ್ಣು ಮತ್ತು ತಾಳ್ಮೆ ಹೆಣಿಗೆಯ ಹವ್ಯಾಸಿಗಳಿಗೆ ಇದೆ. ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಅವರು ಅಂಜುವವರಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳು ಮಾಡುತ್ತ ಕಲಿಯಲಿ ಎಂದು ಪ್ರಯೋಗ ನಡೆಸಿದರು, ಕೃಷಿಕರ ಕೈಗೇ ಲೇಖನಿ ಕೊಟ್ಟ ಅಡಿಕೆ ಪತ್ರಿಕೆ ಹೊರಟದ್ದೂ ಇದೇ ಪುತ್ತೂರಿನಿಂದ. ಮಾಡುವ ಕೈಯೇ ಬರೆಯುವುದು ಈ ನೆಲಕ್ಕೆ ಹೊಸತಲ್ಲ.

ನಮ್ಮ ದೊಡ್ಡಮ್ಮನ ಊರಿನಲ್ಲಿ ಮುಡಿ ಕಟ್ಟಬಲ್ಲ ಹಿರಿಯರೊಬ್ಬರು ಇದ್ದಾರೆಂದು ಗೊತ್ತಾಗಿದೆ. ಮುಂದಿನ ಕೊಯ್ಲಿಗೆ ಒಂದು ತುಂಡು ಗದ್ದೆಯ ಪೈರನ್ನು ಯಂತ್ರಕ್ಕೆ ಕೊಡದೆ ಕತ್ತಿಯಲ್ಲೇ ಕೊಯ್ಯಿಸಿ ಹುಲ್ಲು ಎತ್ತಿಡಲು ಮಾತಾಗಿದೆ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲೂ ಕಡ್ಡಿ, ನೂಲು ಇದ್ದರೆ ನಿಮ್ಮ ಊರಲ್ಲಿ ಮುಡಿಯೋ ಚಾಪೆಯೋ ಬುಟ್ಟಿಯೋ ಬಲ್ಲವರು ಯಾರಿದ್ದಾರೆಂದು ಈ ವಾರವೇ ವಿಚಾರಿಸಿ. ಹೋಗುವಾಗ ನೋಟ್‌ಬುಕ್ ಒಯ್ಯಿರಿ, ಕೈಚಲನೆಯನ್ನು ಮೊಬೈಲಿನಲ್ಲಿ ಹಿಡಿಯಿರಿ, ಅವರ ಒಪ್ಪಿಗೆ ಪಡೆದು ಮೊದಲ ಪುಟದಲ್ಲೇ ಅವರ ಹೆಸರು ಬರೆಯಿರಿ. ಕಲಿಸಿದ ದಿನದ ಪೂರ್ತಿ ಕೂಲಿಯನ್ನು ಅವರ ಕೈಗೆ ಕೊಟ್ಟೇ ಬನ್ನಿ.